ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್: ಯಾವುದನ್ನು ಕೊಳ್ಳುವುದು, ಎಷ್ಟರ ಮಟ್ಟಿಗೆ ದುರಸ್ತಿ ಮಾಡುವುದು

ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್, ಅಂದರೆ ಛಾವಣಿ ಹಿಂಬಾಗಿಲಿನವರೆಗೂ ಚಾಚಿದ ಉದ್ದನೆಯ ಕುಟುಂಬದ ಕಾರು, ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತಾರೆ, ಆಮೇಲೆ ಒಳಗೆ ಕುಳಿತು ಸ್ಟೀರಿಂಗ್ ಹಿಡಿಯುತ್ತಾರೆ, ಹಿಂಬಾಗಿಲನ್ನು ತೆಗೆದು ನೋಡುವ ಹೊತ್ತಿಗೆ ಮನಸ್ಸು ಆಗಲೇ ಒಪ್ಪಿಬಿಟ್ಟಿರುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡುವುದು ಲೇಸು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಬಾನೆಟ್, ಮುಂದಿನ ಮಡ್‌ಗಾರ್ಡ್, ಹೆಡ್‌ಲೈಟ್ ಇವೆಲ್ಲ ಬಹುಮಟ್ಟಿಗೆ ಅದೇ ವರ್ಷದ ಸೆಡಾನ್ ಮತ್ತು ಕೂಪೆಗಳಿಗೂ ಹೊಂದುವಂಥವು. ಅವುಗಳಿಗೆ ಅಭಿಮಾನಿಗಳು ಹೆಚ್ಚಿರುವುದರಿಂದ ಬಿಡಿಭಾಗಗಳು ಇಂದಿಗೂ ಹೊಸದಾಗಿಯೇ ತಯಾರಾಗುತ್ತವೆ. ಆದರೆ ಹಿಂದಿನ ಆಸನದಿಂದ ಆಚೆಗಿನ ಛಾವಣಿ, ಪಕ್ಕದ ಉದ್ದನೆಯ ಗಾಜು, ಹಿಂಬಾಗಿಲು, ಅದರ ಕೀಲು ಮತ್ತು ಮೋಟಾರು, ಸುತ್ತಲಿನ ರಬ್ಬರ್ ಬೀಡಿಂಗ್, ಮೂರನೆಯ ಸಾಲಿನ ಆಸನ, ಅದರ ಕೆಳಗಿನ ತಗಡು ಇವು ವ್ಯಾಗನ್‌ಗೆ ಮಾತ್ರ ಸೇರಿದವು. ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಮತ್ತೆ ತಯಾರಿಸುವುದಿಲ್ಲ. ಆದ್ದರಿಂದ ಒಂದು ಮಾದರಿಯನ್ನು ಇನ್ನೊಂದರ ಜೊತೆ ತೂಗಿ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದರ ಹಿಂದಿನ ಅರ್ಧ ಕೆಟ್ಟರೆ ನಾಳೆ ಎಲ್ಲಿಂದ ತರುವುದು ಎಂಬುದು.

ಸ್ಪೇರ್ ಪಾರ್ಟ್ಸ್‌ಗಾಗಿ ಬಿಚ್ಚಬಹುದಾದ ವ್ಯಾಗನ್‌ಗಳೂ ಅಪರೂಪವೇ. ದೊಡ್ಡ ಕುಟುಂಬಗಳು ಇವುಗಳನ್ನು ಚೆನ್ನಾಗಿ ದುಡಿಸಿಕೊಂಡು, ಸವೆದ ಮೇಲೆ ಗುಜರಿಗೆ ಹಾಕಿದವು. 1984ರ ಮಾದರಿ ವರ್ಷದಲ್ಲಿ ಕ್ರೈಸ್ಲರ್ ಸಂಸ್ಥೆಯ ಮಿನಿವ್ಯಾನ್ ಬಂದ ಮೇಲೆ ಕೊಳ್ಳುವವರು ಆ ಕಡೆ ಹೊರಳಿದರು. ಇಂಧನ ಮಿತವ್ಯಯದ ನಿಯಮಗಳಲ್ಲಿ ವ್ಯಾಗನ್ ಕಾರಿನ ಲೆಕ್ಕಕ್ಕೆ ಸೇರಿದರೆ, ಮಿನಿವ್ಯಾನ್ ಮತ್ತು ಎಸ್‌ಯುವಿಗಳು ಹಗುರ ಟ್ರಕ್ಕಿನ ಸಡಿಲ ಲೆಕ್ಕಕ್ಕೆ ಸೇರಿದವು. ಉಳಿದಿದ್ದ ಗಟ್ಟಿಮುಟ್ಟಾದ ವ್ಯಾಗನ್‌ಗಳನ್ನು, ಕಾರುಗಳನ್ನು ಪರಸ್ಪರ ಗುದ್ದಿಸಿ ಪುಡಿಮಾಡುವ ಡೆಮಾಲಿಷನ್ ಡರ್ಬಿ ಪಂದ್ಯಗಳು ನುಂಗಿದವು.

ನಿಜವಾದ ಮರದ ಮೈಯಿರುವ ‘ವುಡಿ’ಗಳನ್ನು ಮೊದಲೇ ಬದಿಗಿಡುತ್ತೇನೆ. ಫೋರ್ಡ್ ಸಂಸ್ಥೆ ಮಿಷಿಗನ್ ರಾಜ್ಯದ ಐರನ್ ಮೌಂಟನ್ ಸುತ್ತಲಿನ ತನ್ನದೇ ಕಾಡುಗಳ ಮೇಪಲ್ ಮತ್ತು ಬರ್ಚ್ ಮರದಿಂದ ಈ ಮೈಗಳನ್ನು ಕಟ್ಟಿಸುತ್ತಿತ್ತು. ಅಲ್ಲಿ ಮಿಕ್ಕ ಮರದ ಚೂರುಗಳಿಂದ ತಯಾರಾದ ಇದ್ದಲೇ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರಿನಲ್ಲಿ ಅಮೆರಿಕದ ಹಿತ್ತಿಲುಗಳ ಗ್ರಿಲ್ ಒಲೆಗಳಿಗೆ ಬಂತು. 1951ರವರೆಗೆ ಬಂದ ಈ ಫೋರ್ಡ್‌ಗಳು ನೋಡಲು ಅತ್ಯಂತ ಚೆಲುವಾದವು, ನಿಜ. ಆದರೆ ಮಲೆನಾಡಿನ ತೊಟ್ಟಿಮನೆಯ ಕಂಬಗಳ ಹಾಗೆ ಇವುಗಳಿಗೂ ಮಳೆ, ಬಿಸಿಲು, ಹುಳು ಮೂರರಿಂದಲೂ ಕಾವಲು ಬೇಕು. ವಾರ್ನಿಷ್ ಕೆಲಸ ಎಂದಿಗೂ ಮುಗಿಯುವುದಿಲ್ಲ, ಕೀಲು ಕೊಳೆತರೆ ಮೆಕ್ಯಾನಿಕ್ ಬದಲು ನುರಿತ ಬಡಗಿಯನ್ನು ಹುಡುಕಬೇಕು. ಮರಗೆಲಸ ತಾನೇ ಬಲ್ಲವರಿಗೆ ಮಾತ್ರ ಇದು ತಕ್ಕ ಆಯ್ಕೆ.

ಷೆವರ್ಲೆ ನೋಮಾಡ್‌ನ ವಿಚಾರವನ್ನೂ ಬೇಗ ಮುಗಿಸಬಹುದು. 1954ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್-ಅಸ್ಟೋರಿಯಾ ಹೋಟೆಲಿನಲ್ಲಿ ಷೆವರ್ಲೆಯದೇ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ರೂಪವನ್ನು ಆಧರಿಸಿದ ಒಂದು ಪ್ರದರ್ಶನದ ಕಾರಾಗಿ ಕಾಣಿಸಿಕೊಂಡು, 1955ರಿಂದ 1957ರವರೆಗೆ ಎರಡು ಬಾಗಿಲಿನ ವ್ಯಾಗನ್ನಾಗಿ ಮಾರಾಟವಾದ ಇದು ಮೂರು ವರ್ಷಗಳಲ್ಲಿ 22–23 ಸಾವಿರದಷ್ಟು ಮಾತ್ರ ತಯಾರಾಯಿತು. ಹಿಂದಕ್ಕೆ ಜಾರಿದಂತಿರುವ ಹಿಂಬಾಗಿಲಿನ ಸುತ್ತ ನೀರು ಸೋರುವುದು ಅದರ ಹುಟ್ಟುಗುಣ. ಹಾಗಿದ್ದರೂ ಆ ಮೂರು ವರ್ಷಗಳ ಷೆವರ್ಲೆಗಳಿಗೆ ಇರುವಷ್ಟು ಹೊಸ ಬಿಡಿಭಾಗಗಳ ಪೇಟೆ ಬೇರೆ ಯಾವ ಹಳೆಯ ಅಮೆರಿಕನ್ ಕಾರಿಗೂ ಇಲ್ಲವೆಂದೇ ಹೇಳಬೇಕು. ನೋಮಾಡ್‌ಗಷ್ಟೇ ಹೊಂದುವ ಭಾಗಗಳು ಕೂಡ, ದುಬಾರಿಯಾದರೂ, ಸಿಗುತ್ತವೆ. ಹಣವುಳ್ಳವರಿಗೆ ಇದರಷ್ಟು ಭದ್ರವಾದ ಆಯ್ಕೆ ಇಲ್ಲ. ಆದರೆ ಕೊಂಡ ಬೆಲೆಯನ್ನು ನೆನೆದು, ಅದರಲ್ಲಿ ಮಕ್ಕಳ ಸೈಕಲ್ ಹೇರಲು ಯಾರಿಗೂ ಮನಸ್ಸಾಗುವುದಿಲ್ಲ.

ಗಾಜಿನ ಛಾವಣಿಯೋ, ಮಾಯವಾಗುವ ಬಾಗಿಲೋ

ನಿಜವಾದ ಆಯ್ಕೆಯ ಕಷ್ಟ ಆರಂಭವಾಗುವುದು 1964ರಿಂದ 1972ರವರೆಗಿನ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ಮತ್ತು 1971ರಿಂದ 1976ರವರೆಗಿನ ಜನರಲ್ ಮೋಟರ್ಸ್‌ನ ‘ಕ್ಲಾಮ್‌ಶೆಲ್’ ವ್ಯಾಗನ್‌ಗಳ ನಡುವೆ. ಬೆಲೆ ನೋಮಾಡ್‌ನಷ್ಟಿಲ್ಲ, ಎರಡರಲ್ಲೂ ದೊಡ್ಡ ವಿ8 ಎಂಜಿನ್, ಎರಡರಲ್ಲೂ ಮೂರನೆಯ ಸಾಲಿನ ಆಸನ ಮುಂದಕ್ಕೆ ಮುಖಮಾಡಿರುತ್ತದೆ. ಕಾಗದದ ಮೇಲೆ ಒಂದೇ ಬಗೆಯವು ಎನಿಸುವ ಇವೆರಡು ದುರಸ್ತಿಯ ದೃಷ್ಟಿಯಿಂದ ತೀರ ಬೇರೆ ಬೇರೆ.

ವಿಸ್ಟಾ ಕ್ರೂಸರ್‌ನ ಛಾವಣಿ ಎರಡನೆಯ ಸಾಲಿನ ಆಸನದ ಮೇಲೆ ಒಂದು ಮೆಟ್ಟಿಲಿನಷ್ಟು ಎತ್ತರಕ್ಕೇರುತ್ತದೆ. ಅಲ್ಲಿ ಅಡ್ಡಲಾಗಿ ಒಂದು ಬಣ್ಣದ ಗಾಜು, ಹಿಂದಕ್ಕೆ ಎರಡೂ ಪಕ್ಕಗಳಲ್ಲಿ ಉದ್ದನೆಯ ಸಪೂರ ಗಾಜುಗಳು. ಬಿಸಿಲು ಹೊಡೆಯದಿರಲೆಂದು ಎರಡನೆಯ ಸಾಲಿಗೂ ಪ್ರತ್ಯೇಕ ಮರೆಪಟ್ಟಿ ಇದೆ. ಈ ಗಾಜುಗಳು ತೆರೆಯುವುದಿಲ್ಲ, ಚಲಿಸುವುದಿಲ್ಲ. ಹಾಗಾಗಿ ಕೆಡುವುದು ಗಾಜಿಗಿಂತ ಹೆಚ್ಚಾಗಿ ಅದರ ಅಂಚಿನ ರಬ್ಬರ್ ಮತ್ತು ಆ ರಬ್ಬರಿನಡಿಯ ತಗಡು. ರಬ್ಬರ್ ಒಣಗಿ ಬಿರುಕು ಬಿಟ್ಟರೆ ನೀರು ಛಾವಣಿಯ ಒಳಬಟ್ಟೆಯ ಮೇಲೆ ನಿಧಾನವಾಗಿ ಹರಿದು ಕಂಬದೊಳಗಿಂದ ನೆಲಕ್ಕೆ ಇಳಿಯುತ್ತದೆ. ಕೊಳ್ಳುವವರಿಗೆ ಕಾಣುವುದು ನೆಲದ ಕಾರ್ಪೆಟ್‌ನ ತೇವ ಮಾತ್ರ, ಮೂಲ ನಾಲ್ಕಡಿ ಮೇಲಿರುತ್ತದೆ. ಒಳಬಟ್ಟೆಯ ಮೇಲೆ ಚಹಾ ಚೆಲ್ಲಿದಂಥ ಕಲೆಯಿದ್ದರೆ ಆ ಗಾಜಿನ ಚೌಕಟ್ಟನ್ನು ಬೆರಳಿನಿಂದ ಒತ್ತಿ ನೋಡಬೇಕು. ತಗಡು ಗಟ್ಟಿಯಾಗಿದ್ದರೆ ಉಳಿದದ್ದು ಸುಲಭ, ಏಕೆಂದರೆ ಬಾನೆಟ್ಟಿನ ಕೆಳಗಿರುವುದೆಲ್ಲ ಅದೇ ಕಾಲದ, ಓಲ್ಡ್ಸ್‌ಮೊಬೈಲ್‌ನದೇ ಆದ ಕಟ್ಲಾಸ್ ಕಾರಿನದು, ಮತ್ತು ಕಟ್ಲಾಸ್‌ಗೆ ಸಿಗದ ಭಾಗ ಕಡಿಮೆ. ಬ್ಯೂಯಿಕ್ ಸ್ಪೋರ್ಟ್ ವ್ಯಾಗನ್ ಕೂಡ 1969ರವರೆಗೆ ಇದೇ ಎತ್ತರಿಸಿದ ಛಾವಣಿಯನ್ನು ಹೊತ್ತು ಬಂದುದರಿಂದ ಗಾಜು ಹುಡುಕುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಕ್ಲಾಮ್‌ಶೆಲ್‌ನ ಬೆರಗು ಬೇರೆ. ಷೆವರ್ಲೆ ಕಿಂಗ್ಸ್‌ವುಡ್ ಎಸ್ಟೇಟ್, ಪಾಂಟಿಯಾಕ್ ಗ್ರ್ಯಾಂಡ್ ಸಫಾರಿ, ಓಲ್ಡ್ಸ್‌ಮೊಬೈಲ್ ಕಸ್ಟಮ್ ಕ್ರೂಸರ್, ಬ್ಯೂಯಿಕ್ ಎಸ್ಟೇಟ್ ಇವೆಲ್ಲದರಲ್ಲಿಯೂ ಹಿಂಭಾಗದ ಗಾಜು ಮೇಲಕ್ಕೆ ಜಾರಿ ಛಾವಣಿಯೊಳಗೆ ಅಡಗುತ್ತದೆ, ಕೆಳಗಿನ ಬಾಗಿಲು ಜಾರಿ ನೆಲದಡಿ ಮರೆಯಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸಿದಾಗಲೂ ಹಿಂದೆ ಬಾಗಿಲಿಗಾಗಿ ಒಂದಡಿ ಬಿಡಬೇಕಿಲ್ಲ, ನಾಲ್ಕಡಿ ಅಗಲ ಎಂಟಡಿ ಉದ್ದದ ಪ್ಲೈವುಡ್ ಹಲಗೆಯನ್ನು ಒಳಗೆ ಮಲಗಿಸಿ ಬಾಗಿಲು ಹಾಕಬಹುದು. ಗಾಜು ಮೋಟಾರಿನಿಂದ ನಡೆಯುತ್ತದೆ. ಕೆಳಗಿನ ಬಾಗಿಲು ಕೆಲವು ಕಾರುಗಳಲ್ಲಿ ಮೋಟಾರಿನಿಂದ, ಕೆಲವುಗಳಲ್ಲಿ ಕೈಯಿಂದ. ಒಮ್ಮೆ ನೋಡಿದವರು ಮರೆಯುವುದಿಲ್ಲ, ಒಮ್ಮೆ ಬಿಚ್ಚಿದವರು ಖಂಡಿತ ಮರೆಯುವುದಿಲ್ಲ. ಬಾಗಿಲು ಜಾರುವ ಹಳಿಗಳು ನೆಲದ ಅಡಿಗಿವೆ. ಹಿಮದ ನಾಡಿನಲ್ಲಿ ರಸ್ತೆಗೆ ಎರಚುವ ಉಪ್ಪು, ಕೆಸರು, ಒಣಗಿದ ಎಲೆ ಎಲ್ಲವೂ ಅಲ್ಲಿಗೇ ಸೇರುತ್ತವೆ. ನೀರು ಹೊರಹೋಗುವ ತೂತು ಕಟ್ಟಿಕೊಂಡರೆ ಬಾಗಿಲು ಅಡಗುವ ಆ ಗೂಡೇ ತುಕ್ಕಿನ ತೊಟ್ಟಿಯಾಗುತ್ತದೆ. ಹಳಿ ಸ್ವಲ್ಪ ಬಾಗಿದರೂ ಬಾಗಿಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಒತ್ತಡಕ್ಕೆ ಮೋಟಾರು ಸುಡುತ್ತದೆ. ಈ ಏರ್ಪಾಡು ಆರೇ ವರ್ಷ ನಡೆದು ನಿಂತುಹೋಯಿತು. ಹಾಗಾಗಿ ಕೆಟ್ಟ ಭಾಗಕ್ಕೆ ಇನ್ನೊಂದು ಕ್ಲಾಮ್‌ಶೆಲ್ಲೇ ಗತಿ.

ಗಾತ್ರವೂ ಸಣ್ಣ ವಿಷಯವಲ್ಲ. ಇವು 19 ಅಡಿಯ ಆಸುಪಾಸಿನ ಉದ್ದ ಮತ್ತು 2,300 ಕಿಲೋಗ್ರಾಂ ಆಸುಪಾಸಿನ ತೂಕದ ಬಂಡಿಗಳು. ಅಮೆರಿಕದ ಸಾಮಾನ್ಯ ಮನೆಯ ಗ್ಯಾರೇಜಿನಲ್ಲಿ ಇದನ್ನು ನಿಲ್ಲಿಸಿ ಬಾಗಿಲು ಎಳೆದರೆ ನಡುವೆ ಮನುಷ್ಯ ನುಸುಳುವುದೂ ಕಷ್ಟ. 454 ಅಥವಾ 455 ಘನ ಇಂಚಿನ ಎಂಜಿನ್ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಸಂತೋಷಪಡಬೇಕು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದಾಗ ಈ ಕಾರುಗಳ ಅದೃಷ್ಟ ಕೆಟ್ಟದ್ದು ಇದೇ ಕಾರಣಕ್ಕೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬಾಗಿಲು ಪೂರ್ತಿಯಾಗಿ ಕೆಲಸ ಮಾಡುವ, ಒಣ ಹವೆಯ ರಾಜ್ಯದಿಂದ ಬಂದ ಕ್ಲಾಮ್‌ಶೆಲ್ ಸಿಕ್ಕರೆ ಕೊಳ್ಳಬಹುದು. ಬಾಗಿಲು ‘ಸ್ವಲ್ಪ ರಿಪೇರಿ ಇದೆ’ ಎಂದು ಮಾರುವವರು ಹೇಳಿದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಬೇಕು. ಅದೇ ಹಣಕ್ಕೆ ಎಂಜಿನ್ ಸೀಜ್ ಆದ, ತಗಡು ಗಟ್ಟಿಯಿರುವ ವಿಸ್ಟಾ ಕ್ರೂಸರ್ ವಾಸಿ.

ದಿನವೂ ಓಡಿಸಬೇಕೆನ್ನುವವರಿಗೆ

ವಾರಾಂತ್ಯದ ಪ್ರದರ್ಶನಕ್ಕಷ್ಟೇ ಅಲ್ಲದೆ ಮಕ್ಕಳನ್ನು ಶಾಲೆಗೆ ಬಿಡಲು, ಊರಿಂದೂರಿಗೆ ಹೋಗಲು ಕಾರು ಬೇಕೆಂದರೆ ಹೋಲಿಕೆ ಬೇರೆ ಎರಡರ ನಡುವೆ ನಡೆಯಬೇಕು: 1979ರಿಂದ 1991ರವರೆಗಿನ ಫೋರ್ಡ್ ಕಂಟ್ರಿ ಸ್ಕ್ವೈರ್ ಮತ್ತು 1991ರಿಂದ 1996ರವರೆಗಿನ ಬ್ಯೂಯಿಕ್ ರೋಡ್‌ಮಾಸ್ಟರ್ ಎಸ್ಟೇಟ್.

ಕಂಟ್ರಿ ಸ್ಕ್ವೈರ್ ಎಂಬ ಹೆಸರು 1950ರಷ್ಟು ಹಳೆಯದು. ಅದರ ಪಕ್ಕದ ‘ಮರ’ ಮಾತ್ರ 1952ರಿಂದಾಚೆಗೆ ತೋರಿಕೆಯದು. ಕೆಳಗಾದರೂ ಪಕ್ಕಕ್ಕಾದರೂ ತೆರೆಯಬಲ್ಲ ಹಿಂಬಾಗಿಲನ್ನು ಫೋರ್ಡ್ 1966ರಲ್ಲಿ ತಂದಿತು. ಸರಳವಾದ ಕೀಲುಗಳ ಮೇಲೆ ನಿಂತ ಆ ಏರ್ಪಾಡು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಉಳಿದ ಕಂಪನಿಗಳೂ ಅದನ್ನೇ ಅನುಸರಿಸಿದವು. 1979ರ ನಂತರದ ಕಾರಿನಲ್ಲಿರುವ ಐದು ಲೀಟರಿನ ವಿ8 ಎಂಜಿನ್ ಮತ್ತು ಓವರ್‌ಡ್ರೈವ್ ಗೇರ್‌ಬಾಕ್ಸ್ ಅಮೆರಿಕದ ಯಾವ ಮೂಲೆಯ ಗ್ಯಾರೇಜಿಗೂ ಹೊಸದಲ್ಲ, ಸೆಡಾನ್ ರೂಪದ ಒಡಹುಟ್ಟುಗಳು ಲಕ್ಷಾಂತರ ಸಂಖ್ಯೆಯಲ್ಲಿ ಓಡಾಡಿದ್ದವು. ಇದರಲ್ಲಿ ಶಕ್ತಿ ಕಡಿಮೆ, ಆದರೆ ತಲೆನೋವೂ ಕಡಿಮೆ.

ರೋಡ್‌ಮಾಸ್ಟರ್ ಇದಕ್ಕಿಂತ ಮೇಲ್ಮಟ್ಟದ ಕಾರು ಎಂಬುದರಲ್ಲಿ ಸಂಶಯವಿಲ್ಲ. 1994ರಿಂದ 1996ರವರೆಗಿನವುಗಳಲ್ಲಿ ಕಾರ್ವೆಟ್‌ನ ಎಂಜಿನ್ನಿಗೆ ಹತ್ತಿರದ ಸಂಬಂಧಿಯಾದ, 260 ಅಶ್ವಶಕ್ತಿಯ 5.7 ಲೀಟರ್ ಎಲ್‌ಟಿ1 ಎಂಜಿನ್ ಇದೆ. ಎಳೆಯುವ ಪ್ಯಾಕೇಜ್ ಇದ್ದರೆ 5,000 ಪೌಂಡಿನ ಟ್ರೈಲರ್ ಎಳೆಯುತ್ತದೆ. ಎರಡನೆಯ ಸಾಲಿನ ಮೇಲಿನ ಗಾಜು ವಿಸ್ಟಾ ಕ್ರೂಸರ್‌ನ ನೆನಪು ತರುತ್ತದೆ. ಇದರ ದೌರ್ಬಲ್ಯ ಒಂದೇ, ಆದರೆ ಆಯಕಟ್ಟಿನ ಜಾಗದಲ್ಲಿದೆ: ಕಿಡಿ ಹಂಚುವ ಆಪ್ಟಿಸ್ಪಾರ್ಕ್ ಎಂಬ ಡಿಸ್ಟ್ರಿಬ್ಯೂಟರನ್ನು ಎಂಜಿನ್ನಿನ ಮುಂಭಾಗದಲ್ಲಿ ವಾಟರ್ ಪಂಪಿನ ಅಡಿಯಲ್ಲಿಯೇ ಕೂರಿಸಿದ್ದಾರೆ. ಪಂಪಿನ ಸೀಲ್ ಸೋರಿ ಕೂಲಂಟ್ ಒಂದೆರಡು ಹನಿ ಒಳಗೆ ಇಳಿದರೆ ಎಂಜಿನ್ ತಡವರಿಸಲಾರಂಭಿಸುತ್ತದೆ. ಹಾಗಾಗಿ ಕೊಂಡ ತಕ್ಷಣ, ಕೆಟ್ಟಿಲ್ಲದಿದ್ದರೂ, ಎರಡನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಇದೇ ಎಂಜಿನ್ನಿನ ಷೆವರ್ಲೆ ಇಂಪಾಲಾ ಎಸ್‌ಎಸ್ ಸೆಡಾನ್‌ಗೆ ಅಭಿಮಾನಿಗಳು ಇರುವುದರಿಂದ ಸಾಮಾನು ಸಿಗುತ್ತದೆ. 1994ಕ್ಕಿಂತ ಮೊದಲಿನವು ಶಕ್ತಿಯಲ್ಲಿ ಹಿಂದೆ ಇದ್ದರೂ ಈ ಕಾಟವಿಲ್ಲದವು ಎಂದು ಕೆಲವರು ಅವುಗಳನ್ನೇ ಬಯಸುತ್ತಾರೆ. ನಾನಾದರೆ ಎಲ್‌ಟಿ1 ಇರುವುದನ್ನೇ ಆರಿಸುತ್ತೇನೆ.

ಮಕ್ಕಳಿರುವ ಮನೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ರೋಡ್‌ಮಾಸ್ಟರ್‌ನ ಮೂರನೆಯ ಸಾಲು ಹಿಂದಕ್ಕೆ ಮುಖಮಾಡಿದೆ, ಫೋರ್ಡ್‌ನದು ಪಕ್ಕಗಳಲ್ಲಿ ಎದುರುಬದುರಾಗಿ ಕೂರುವ ಎರಡು ಪುಟ್ಟ ಆಸನಗಳು. ಮಕ್ಕಳಿಗೆ ಅದು ಸ್ವರ್ಗ, ಆದರೆ ಸುರಕ್ಷತೆಯ ಚೈಲ್ಡ್ ಸೀಟನ್ನು ಅಲ್ಲಿ ಕಟ್ಟುವಂತಿಲ್ಲ. ಚೈಲ್ಡ್ ಸೀಟಿಗೆಂದೇ ಕೊಡುವ ಕೊಂಡಿಗಳು 2002ರ ನಂತರವಷ್ಟೇ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದರಿಂದ ಎರಡನೆಯ ಸಾಲಿನಲ್ಲಿಯೂ ಬೆಲ್ಟಿನಿಂದಲೇ ಬಿಗಿಯಬೇಕು. 1967ಕ್ಕಿಂತ ಹಿಂದಿನ ಬಹುತೇಕ ಕಾರುಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಅಂಥ ಕಾರು ಕೊಂಡರೆ ಬಣ್ಣಕ್ಕಿಂತ ಮೊದಲು ಎರಡು ಕೋಣೆಯ ಸಿಲಿಂಡರ್ ಹಾಕಿಸಬೇಕು.

ಜೀಪ್ ಗ್ರ್ಯಾಂಡ್ ವ್ಯಾಗನೀರ್ ಅನ್ನು ಈ ಪಟ್ಟಿಗೆ ಸೇರಿಸಬೇಕೇ ಎಂಬುದು ಚರ್ಚೆಯ ವಿಷಯ. 1963ರ ವಿನ್ಯಾಸ 1991ರವರೆಗೆ ಹೆಚ್ಚು ಬದಲಾಗದೆ ಬಂದುದರಿಂದ ಬಿಡಿಭಾಗಗಳು ಸಿಗುತ್ತವೆ, ನಾಲ್ಕು ಚಕ್ರಗಳಿಗೂ ಚಾಲನೆಯಿರುವುದರಿಂದ ಹಿಮಕ್ಕೆ ಹೊಂದುತ್ತದೆ. ಆದರೆ ತುಕ್ಕು ಹಿಡಿಯುವುದರಲ್ಲಿ ಮುಂದು, ಇಂಧನ ಕುಡಿಯುವುದರಲ್ಲಿ ಇನ್ನೂ ಮುಂದು, ಮತ್ತು ಪೂರ್ತಿ ಹೊಸದಾಗಿಸಿ ಮಾರುವ ವ್ಯಾಪಾರಿಗಳು ಬೆಲೆಯನ್ನು ಆಕಾಶಕ್ಕೇರಿಸಿದ್ದಾರೆ.

ನೋಡುವಾಗ, ದುರಸ್ತಿ ಮಾಡುವಾಗ

ಓಹಿಯೋ, ಮಿಷಿಗನ್, ನ್ಯೂಯಾರ್ಕ್ ಕಡೆಯ ಕಾರುಗಳಲ್ಲಿ ಒಳಾಂಗಣ ಚೆನ್ನಾಗಿದ್ದು ತಗಡು ಹೋಗಿರುತ್ತದೆ; ಅರಿಜೋನ, ನ್ಯೂಮೆಕ್ಸಿಕೋಗಳಲ್ಲಿ ತಗಡು ಗಟ್ಟಿಯಿದ್ದು ಡ್ಯಾಶ್‌ಬೋರ್ಡ್ ಮತ್ತು ಸೀಟು ಬಿಸಿಲಿಗೆ ಸೀಳಿರುತ್ತವೆ. ಇವೆರಡರ ನಡುವೆ ಆರಿಸಬೇಕಾದಾಗ ಎರಡನೆಯದನ್ನೇ ಆರಿಸಬೇಕು, ಏಕೆಂದರೆ ಸೀಟು ಹೊಲಿಸುವುದು ಟಿಂಕರಿಂಗ್‌ಗಿಂತ ಅಗ್ಗ. ಕಾರಿನ ಬಳಿ ಹೋದಾಗ ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಹಿಂಚಕ್ರದ ಕಮಾನು, ಹಿಂಬಾಗಿಲಿನ ಕೆಳಂಚು, ಸ್ಟೆಪ್ನಿ ಇಡುವ ಗುಂಡಿ ಇವುಗಳ ಮೇಲೆ ಆಡಿಸಬೇಕು. ಹಿಡಿಯದೆ ಜಾರಿದ ಕಡೆ ಬಣ್ಣದಡಿ ಇರುವುದು ಪುಟ್ಟಿ. ಛಾವಣಿಯ ಲಗೇಜ್ ಕ್ಯಾರಿಯರ್ ಕೂರಿಸಿದ ಸ್ಕ್ರೂಗಳ ಸುತ್ತಲೂ ನೀರು ಇಳಿಯುತ್ತದೆ. ಆಮೇಲೆ ಹಿಂಬಾಗಿಲನ್ನು ಅದು ತೆರೆಯಬಲ್ಲ ಎಲ್ಲ ರೀತಿಯಲ್ಲಿಯೂ ತೆರೆದು ಮುಚ್ಚಬೇಕು, ಗಾಜನ್ನು ಡ್ಯಾಶ್‌ಬೋರ್ಡಿನ ಸ್ವಿಚ್‌ನಿಂದಲೂ ಹಿಂದಿನ ಕೀಲಿಯಿಂದಲೂ ಏರಿಳಿಸಬೇಕು. ಮಾರುವವರು ಒಪ್ಪಿದರೆ ಪೈಪಿನಿಂದ ಛಾವಣಿಯ ಮೇಲೆ ನೀರು ಬಿಟ್ಟು ಒಳಗೆ ಕುಳಿತು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಪಕ್ಕದ ಮರದ ಹಾಳೆಯ ವಿಚಾರದಲ್ಲಿ ಆತುರ ಸಲ್ಲದು. 3ಎಂ ಕಂಪನಿಯ ಡೈ-ನಾಕ್ ಎಂಬ ವಿನೈಲ್ ಹಾಳೆಯನ್ನು ಬಣ್ಣದ ಮೇಲೆ ಅಂಟಿಸಿ, ಅಂಚಿಗೆ ಪಟ್ಟಿ ಕೂರಿಸುತ್ತಿದ್ದರು. ಪಟ್ಟಿಯ ಕ್ಲಿಪ್‌ಗಳಿಗೆ ಕೊರೆದ ತೂತುಗಳಲ್ಲಿ ತುಕ್ಕು ಆರಂಭವಾಗಿ ಹಾಳೆಯ ಅಡಿಗೆ ಹಬ್ಬುತ್ತದೆ, ಹೊರಗಿನಿಂದ ಸಣ್ಣ ಗುಳ್ಳೆಯಷ್ಟೇ ಕಾಣುತ್ತದೆ. ಹೀಟ್ ಗನ್‌ನಿಂದ ಕಾಯಿಸಿ ಮೂಲೆಯಿಂದ ಮೆಲ್ಲಗೆ ಎಳೆದರೂ ಹಳೆಯ ಹಾಳೆ ಚೂರುಚೂರಾಗಿಯೇ ಬರುವುದು, ಅಂಟು ತಗಡಿನ ಮೇಲೆ ಉಳಿಯುವುದು. ಹೊಸ ಹಾಳೆಯ ಗೆರೆ ಮತ್ತು ಬಣ್ಣ ಆಯಾ ವರ್ಷದ್ದಕ್ಕೆ ಹೊಂದಬೇಕಾದ್ದರಿಂದ ಒಂದು ಬಾಗಿಲಿಗೆ ಮಾತ್ರ ಹಾಕಿಸಿದರೆ ತೇಪೆಯಂತೆ ಎದ್ದು ಕಾಣುತ್ತದೆ. ಹಾಕಿಸುವುದಾದರೆ ಎರಡೂ ಪಕ್ಕಕ್ಕೆ ಪೂರ್ತಿಯಾಗಿ ಹಾಕಿಸಬೇಕು, ಇಲ್ಲವೇ ಮಾಸಿದ ಹಳೆಯದನ್ನು ಹಾಗೆಯೇ ಬಿಡಬೇಕು.

ಎಷ್ಟರ ಮಟ್ಟಿಗೆ ದುರಸ್ತಿ ಮಾಡಬೇಕೆಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಾರನ್ನು ಷಾಸಿಯವರೆಗೆ ಬಿಚ್ಚಿ ಕಾರ್ಖಾನೆಯಿಂದ ಬಂದಂತೆ ಮಾಡುವುದು ನೋಮಾಡ್ ಬಿಟ್ಟರೆ ಉಳಿದ ವ್ಯಾಗನ್‌ಗಳಲ್ಲಿ ಹಾಕಿದ ಹಣವನ್ನು ಹಿಂದಿರುಗಿಸುವುದು ಅಪರೂಪ. ಹೊಸ ಎಂಜಿನ್, ಹೊಸ ಬ್ರೇಕ್ ಕೂರಿಸಿ ಹೊರಗೆ ಮಾತ್ರ ಹಳತನ್ನು ಉಳಿಸಿಕೊಳ್ಳುವ ‘ರೆಸ್ಟೊಮಾಡ್’ ದಿನವೂ ಓಡಿಸುವವರಿಗೆ ಅನುಕೂಲ. ನನಗೆ ಸರಿಯೆನಿಸುವುದು ಮೂರನೆಯ ದಾರಿ: ನೀರು ಸೋರುವುದನ್ನು ನಿಲ್ಲಿಸಿ, ತುಕ್ಕನ್ನು ಕತ್ತರಿಸಿ ತೆಗೆದು, ಬ್ರೇಕ್ ಮತ್ತು ಇಂಧನದ ಹೋಸ್‌ಗಳನ್ನು ಬದಲಿಸಿ, ಮಿಕ್ಕದ್ದನ್ನು ಇದ್ದ ಹಾಗೆ ಕಾಪಾಡುವುದು. ಈಗಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸ್ ಮತ್ತು ಕಾರ್ಬೊರೇಟರಿನ ಗ್ಯಾಸ್ಕೆಟ್ ಬದಲಿಸುವುದು ಆಯ್ಕೆಯ ಮಾತಲ್ಲ, ಅಗತ್ಯ. ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್‌ಗಳಲ್ಲಿ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದ ಸೀಸ ಈಗಿಲ್ಲದ್ದರಿಂದ, ಹೆಡ್ ಬಿಚ್ಚಿದಾಗ ಗಟ್ಟಿಗೊಳಿಸಿದ ವಾಲ್ವ್ ಸೀಟ್ ಹಾಕಿಸಿಬಿಡಬೇಕು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವವರು ಮಾದರಿ ವರ್ಷವನ್ನು ಗಮನಿಸಬೇಕು. ಅಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ, 1976ರಿಂದಾಚೆಗಿನವುಗಳಿಗೆ ಇಲ್ಲ. 1975ರ ಮತ್ತು 1976ರ ಕ್ಲಾಮ್‌ಶೆಲ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಅಲ್ಲಿನ ಮಾಲೀಕರಿಗೆ ಎರಡರ ನಡುವಿನ ಅಂತರ ದೊಡ್ಡದು.

ಮುಂದೆಂದಾದರೂ ಕಾರನ್ನು ಬೆಂಗಳೂರಿಗೋ ಮೈಸೂರಿಗೋ ಒಯ್ಯುವ ಆಸೆಯಿರುವವರಿಗೆ ಆಯ್ಕೆ ಇನ್ನಷ್ಟು ಕಿರಿದಾಗುತ್ತದೆ. ಭಾರತ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಷಾಸಿ, ಮೈ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದೆ ಮೂಲರೂಪದಲ್ಲಿರುವ ವಾಹನಗಳನ್ನು ಮಾತ್ರ ವಿಂಟೇಜ್ ಎಂದು ನೋಂದಾಯಿಸಲಾಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮತ್ತು ಅವುಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಮದು ಸುಂಕದ ಮಾತು ಬೇರೆಯೇ. ರೋಡ್‌ಮಾಸ್ಟರ್ ಈ ವಯಸ್ಸಿನ ಮಿತಿಯೊಳಗೆ ಬರುವುದಿಲ್ಲ, ಹೊಸ ಎಂಜಿನ್ ಕೂರಿಸಿದ ರೆಸ್ಟೊಮಾಡ್ ಮೂಲರೂಪದ ಷರತ್ತಿಗೆ ನಿಲ್ಲುವುದಿಲ್ಲ. ವಿಸ್ಟಾ ಕ್ರೂಸರ್ ಎರಡನ್ನೂ ದಾಟುತ್ತದೆ. ಅದನ್ನು ಹಡಗಿಗೆ ಏರಿಸುವ ಮುನ್ನ ಛಾವಣಿಯ ಗಾಜುಗಳ ರಬ್ಬರ್ ಬದಲಿಸಿ, ಹಿಂಬಾಗಿಲಿನ ಗಾಜು, ಅದನ್ನು ಏರಿಳಿಸುವ ರೆಗ್ಯುಲೇಟರ್, ಬೀಡಿಂಗ್ ಇವುಗಳ ಇನ್ನೊಂದು ಜೊತೆಯನ್ನು ಅಮೆರಿಕದಲ್ಲಿರುವಾಗಲೇ ಹೊಂದಿಸಿಕೊಳ್ಳಬೇಕು. ಎಂಜಿನ್ನಿನ ಗ್ಯಾಸ್ಕೆಟ್ಟನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಬಾಗಿದ ಗಾಜನ್ನು ಒಡೆಯದ ಹಾಗೆ ತರಿಸಿಕೊಳ್ಳುವುದು ಕಷ್ಟ.